ಮುನ್ನೂರು ದಿನದ ಕಾರು

ಕಳೆದ ಚಳಿಗಾಲದಲ್ಲಿ ಮೆಕ್ಕೆಜೋಳ ಮಾರಿದ ಹಣ ಕೈಸೇರಿದ ಮರುವಾರವೇ ಜಗಳೂರು ಸೀಮೆಯ ನನ್ನ ಬಾಮೈದ ದಾವಣಗೆರೆಯ ನಮ್ಮ ಮನೆಗೆ ಬಂದು, ಮೂರು ಶೋರೂಮುಗಳಿಂದ ತಂದಿದ್ದ ಮೂರು ಹೊಳೆಯುವ ಪುಸ್ತಿಕೆಗಳನ್ನು ಚಾಪೆಯ ಮೇಲೆ ಹರಡಿ, "ಭಾವ, ಇದ್ರಾಗೆ ಯಾವುದನ್ನ ತಗಳ್ಳಲಿ, ನೀವೇ ಹೇಳಿಬಿಡ್ರಿ" ಎಂದು ಕುಳಿತುಬಿಟ್ಟ. ಒಂದು ಏಳು ಸೀಟಿನ ಡೀಸೆಲ್ ಗಾಡಿ, ಇನ್ನೊಂದು ಟರ್ಬೊ ಪೆಟ್ರೋಲ್ ಎಂಜಿನ್ನಿನ ಕಾಂಪ್ಯಾಕ್ಟ್ ಎಸ್‌ಯುವಿ, ಮತ್ತೊಂದು ಸಿಎನ್‌ಜಿ ಸಿಲಿಂಡರ್ ಅಳವಡಿಸಿದ ಸಣ್ಣ ಹ್ಯಾಚ್‌ಬ್ಯಾಕ್. ಮೂರು ಪುಸ್ತಿಕೆಗಳಲ್ಲಿಯೂ ಒಂದೇ ಬಗೆಯ ಚಿತ್ರಗಳಿದ್ದವು: ಹಿಮ ಮುಚ್ಚಿದ ಬೆಟ್ಟ, ಖಾಲಿ ರಸ್ತೆ, ಒಂದು ಕಣ ಧೂಳೂ ಕೂರದ ಕಾರು. ಅಣಜಿ, ಬಿಳಿಚೋಡು ದಾಟಿ ಅವನ ಹೊಲದ ದಾರಿಗೆ ಇಳಿದರೆ ಅದೇ ಕಾರು ಅರ್ಧ ದಿನದಲ್ಲಿ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು.

ನಮ್ಮ ಬಳಗದವರು ಕಾರಿನ ವಿಷಯಕ್ಕೆ ನನ್ನ ಹತ್ತಿರ ಬರುತ್ತಾರೆಂದರೆ ನಾನೇನೋ ದೊಡ್ಡ ಎಂಜಿನಿಯರ್ ಎಂದು ಭಾವಿಸಬೇಕಾಗಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ನನ್ನ ತಂದೆ ಇಲ್ಲಿನ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಕಿರ್ದಿ ಬರೆಯುವ ಚಟ ಅವರಿಂದ ಬಂದದ್ದು. 2004ರಲ್ಲಿ ಸೆಕೆಂಡ್ ಹ್ಯಾಂಡ್ ಮಾರುತಿ 800 ಕೊಂಡ ದಿನದಿಂದ ಇಂದಿನವರೆಗೆ ನನ್ನ ಮೂರು ಕಾರುಗಳಿಗೆ ಹಾಕಿಸಿದ ಪ್ರತಿ ಲೀಟರ್ ಇಂಧನ, ಬದಲಿಸಿದ ಪ್ರತಿ ಟೈರು, ಕಟ್ಟಿದ ವಿಮೆ, ಗ್ಯಾರೇಜಿನವರು ಕೈಗಿತ್ತ ಚೀಟಿ ಎಲ್ಲವೂ ಮೂರು ಉದ್ದನೆಯ ಪುಸ್ತಕಗಳಲ್ಲಿ ದಾಖಲಾಗಿವೆ. ಕಾರೆಂದರೆ ನನಗೆ ಪ್ರೀತಿ ಹೌದು, ಹೆದ್ದಾರಿಯಲ್ಲಿ ಹೊಸ ಗಾಡಿಯೊಂದು ಕಂಡರೆ ಅದರ ಹಿಂದಿನ ದೀಪ ನೋಡಿಯೇ ಹೆಸರು ಹೇಳುವ ಹುಚ್ಚೂ ಹೌದು. ಆದರೆ ಆ ಪ್ರೀತಿಗೆ ಪುಸ್ತಕಗಳು ಹಾಕಿದ ಕಡಿವಾಣವೂ ಇದೆ.

ಆದ್ದರಿಂದ ನಾನು ಅವನ ಪುಸ್ತಿಕೆಗಳನ್ನು ಬದಿಗಿಟ್ಟು, ಒಂದು ಹಾಳೆ ಕೊಟ್ಟು, ಹೋದ ವರ್ಷ ಎಲ್ಲೆಲ್ಲಿಗೆ ಹೋಗಿದ್ದೆ, ಯಾರನ್ನು ಕೂರಿಸಿಕೊಂಡು ಹೋಗಿದ್ದೆ ಎಂದು ಬರೆಯಲು ಹೇಳಿದೆ. ವಾರಕ್ಕೊಮ್ಮೆ ದಾವಣಗೆರೆಯ ಮಾರುಕಟ್ಟೆ, ದಿನವೂ ಮಕ್ಕಳ ಶಾಲೆ, ದಿನವೂ ಹೊಲ, ತಿಂಗಳಿಗೆರಡು ಸಲ ಚಿತ್ರದುರ್ಗ, ಬೆಂಗಳೂರಿಗೆ ನಾಲ್ಕು ಸಲ, ಧರ್ಮಸ್ಥಳಕ್ಕೆ ಒಂದು ಸಲ, ನೆಂಟರ ಮದುವೆಗಳು ಮೂರು. ಕೂಡಿಸಿ ನೋಡಿದರೆ ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರಿನ ಆಸುಪಾಸು. ಇದರಲ್ಲಿ ಮುನ್ನೂರಕ್ಕೂ ಹೆಚ್ಚು ದಿನ ಗಾಡಿಯಲ್ಲಿರುವವರು ಒಬ್ಬರು ಅಥವಾ ಇಬ್ಬರು. ವೇಗ ನಲವತ್ತನ್ನು ದಾಟುವುದು ಅಪರೂಪ. ಏಳು ಜನ ಒಟ್ಟಿಗೆ ಕೂರುವುದು ವರ್ಷದಲ್ಲಿ ನಾಲ್ಕು ದಿನ. ಅವನ ಮನಸ್ಸು ಓಡುತ್ತಿದ್ದದ್ದು ಆ ನಾಲ್ಕು ದಿನದ ಕಾರಿನ ಕಡೆಗೆ. ಧರ್ಮಸ್ಥಳಕ್ಕೆ ಎರಡು ದಿನ ಬಾಡಿಗೆ ಇನ್ನೋವಾ ತೆಗೆದುಕೊಂಡರೆ ಆಗುವ ಖರ್ಚು, ದೊಡ್ಡ ಗಾಡಿಯ ಒಂದು ತಿಂಗಳ ಹೆಚ್ಚುವರಿ ಕಂತಿಗೂ ಸಮವಾಗದು ಎಂದು ತೋರಿಸಿದಾಗ ಅವನು ಮುಖ ಸಣ್ಣದು ಮಾಡಿಕೊಂಡನಾದರೂ ಒಪ್ಪಿದ. ಮದುವೆ ಮನೆಯ ಮುಂದೆ ಬಾಡಿಗೆ ಗಾಡಿಯಿಂದ ಇಳಿಯುವುದು ಹೇಗೆ ಎಂಬ ಸಂಕೋಚಕ್ಕೆ ಮಾತ್ರ ನನ್ನ ಪುಸ್ತಕದಲ್ಲಿ ಯಾವ ಉತ್ತರವೂ ಇಲ್ಲ.

ಬೆಲೆಯ ವಿಷಯ. ಶೋರೂಮಿನ ಬೆಲೆಗೂ ರಸ್ತೆಗಿಳಿದ ಬೆಲೆಗೂ ನಡುವೆ ಇರುವ ಅಂತರವನ್ನು ನಮ್ಮವರು ಒಂದು ದೊಡ್ಡ ಮೊತ್ತವೆಂದು ಸಹಿಸಿಕೊಳ್ಳುತ್ತಾರೆಯೇ ಹೊರತು ಬಿಡಿಸಿ ನೋಡುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಮೀರದ ಉದ್ದದ, 1200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1500 ಸಿಸಿ ಒಳಗಿನ ಡೀಸೆಲ್ ಎಂಜಿನ್ನಿನ ಕಾರುಗಳಿಗೆ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಶೇ 40. ಇಷ್ಟೊಂದು ಕಾರುಗಳ ಹಿಂಭಾಗ ಕತ್ತರಿಸಿದಂತೆ ಮೊಟಕಾಗಿರುವುದಕ್ಕೆ ಈ ನಾಲ್ಕು ಮೀಟರಿನ ಗೆರೆಯೇ ಕಾರಣ. ಇದು ದೇಶಕ್ಕೆಲ್ಲ ಒಂದೇ ಆದ ತೆರಿಗೆಯಾಯಿತು. ನಮ್ಮ ರಾಜ್ಯದ ಆಜೀವ ತೆರಿಗೆ ದೇಶದಲ್ಲೇ ಹೆಚ್ಚಿನವುಗಳ ಸಾಲಿನಲ್ಲಿದ್ದು, ಐದರಿಂದ ಹತ್ತು ಲಕ್ಷದವರೆಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ 14, ಹತ್ತರಿಂದ ಇಪ್ಪತ್ತು ಲಕ್ಷದವರೆಗೆ ಶೇ 17, ಅದರ ಮೇಲೆ ಸೆಸ್ಸು ಬೇರೆ. ಈಗ ಒಂದು ಕಾರಿನ ನಡುವಿನ ಮಾಡೆಲ್‌ಗೆ 9 ಲಕ್ಷ 90 ಸಾವಿರ, ಛಾವಣಿ ತೆರೆಯುವ ಗಾಜಿರುವ ಮೇಲಿನ ಮಾಡೆಲ್‌ಗೆ 10 ಲಕ್ಷ 50 ಸಾವಿರ ಎಂದಿಟ್ಟುಕೊಳ್ಳಿ. ಮೊದಲನೆಯದರ ಆಜೀವ ತೆರಿಗೆ 1,38,600 ರೂಪಾಯಿ, ಎರಡನೆಯದಕ್ಕೆ 1,78,500. ಅಂದರೆ ಅರವತ್ತು ಸಾವಿರದ ಸನ್‌ರೂಫಿಗೆ ತೆರಿಗೆಯ ರೂಪದಲ್ಲೇ ಇನ್ನೂ ನಲವತ್ತು ಸಾವಿರದಷ್ಟು ಸುಂಕ ತೆತ್ತಂತಾಯಿತು. ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಊರಿನಲ್ಲಿ ಯಾರೂ ತೆರೆಯದ ಆ ಗಾಜಿನ ಕಿಂಡಿಗೆ ಒಂದು ಲಕ್ಷ ರೂಪಾಯಿ.

ಟಾಪ್ ಮಾಡೆಲ್ ಬಗ್ಗೆ ನನ್ನ ಇನ್ನೊಂದು ತಕರಾರು ಟೈರಿನದು, ಇದನ್ನು ಮಾರಾಟಗಾರರು ಎಂದೂ ಹೇಳುವುದಿಲ್ಲ. ಟೈರಿನ ಪಕ್ಕದಲ್ಲಿ 165/80 ಆರ್14 ಎಂದು ಬರೆದಿದ್ದರೆ, ಮೊದಲನೆಯ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾವಾರಿನಲ್ಲಿ ಪಕ್ಕೆಯ ಎತ್ತರ, ಮೂರನೆಯದು ಅಂಗುಲದಲ್ಲಿ ರಿಮ್ಮಿನ ವ್ಯಾಸ. ಒಂದೇ ಕಾರಿನ ಕೆಳಗಿನ ಮಾಡೆಲ್‌ಗೆ ಈ ಟೈರು, ಮೇಲಿನ ಮಾಡೆಲ್‌ಗೆ ಅಲಾಯ್ ರಿಮ್ಮಿನೊಂದಿಗೆ 185/65 ಆರ್15 ಕೊಡುವುದು ಸಾಮಾನ್ಯ. ನಿಂತಾಗ ಎರಡೂ ಚಕ್ರಗಳ ಎತ್ತರ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದರಲ್ಲಿ ರಿಮ್ಮಿಗೂ ನೆಲಕ್ಕೂ ನಡುವೆ 132 ಮಿಲಿಮೀಟರ್ ರಬ್ಬರ್ ಇದ್ದರೆ ಎರಡನೆಯದರಲ್ಲಿ 120. ಅಗಲದ ಟೈರು ಹೆದ್ದಾರಿಯ ತಿರುವಿನಲ್ಲಿ ಚೆನ್ನಾಗಿ ಹಿಡಿಯುತ್ತದೆ ಎಂಬುದು ನಿಜ. ಹೊಂಡದ ರಸ್ತೆಯಲ್ಲಿ ಮಾತ್ರ ಆ ಹನ್ನೆರಡು ಮಿಲಿಮೀಟರೇ ರಿಮ್ಮು ಬಾಗುವುದಕ್ಕೂ ಉಳಿಯುವುದಕ್ಕೂ ಇರುವ ವ್ಯತ್ಯಾಸ. ಬಾಗಿದ ಉಕ್ಕಿನ ರಿಮ್ಮನ್ನು ನಮ್ಮ ಪಂಕ್ಚರ್ ಅಂಗಡಿಯವನು ಸುತ್ತಿಗೆಯಲ್ಲಿ ಸರಿಮಾಡಿಕೊಡುತ್ತಾನೆ, ಬಿರುಕು ಬಿಟ್ಟ ಅಲಾಯ್ ರಿಮ್ಮಿಗೆ ಹೊಸದನ್ನೇ ತರಬೇಕು.

ಪೆಟ್ರೋಲೋ ಡೀಸೆಲೋ ಎಂಬ ವಾದ ನಮ್ಮ ಜಿಲ್ಲೆಯಲ್ಲಿ ಇನ್ನೂ ಮುಗಿದಿಲ್ಲ. ನಾನು 2012ರಲ್ಲಿ ಡೀಸೆಲ್ ಸ್ವಿಫ್ಟ್ ಕೊಂಡಾಗ ಎರಡು ಇಂಧನಗಳ ಬೆಲೆಯ ನಡುವೆ ದೊಡ್ಡ ಕಂದಕವೇ ಇತ್ತು. ಆಗ ಬ್ಯಾಂಕಿನ ಕೆಲಸಕ್ಕಾಗಿ ನಿತ್ಯವೂ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿಬರುತ್ತಿದ್ದೆ, ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್. ಫಿಯೆಟ್ ಮೂಲದ ಆ 1248 ಸಿಸಿ ಎಂಜಿನ್ ನನ್ನ ಪುಸ್ತಕದಲ್ಲಿ ಲೀಟರಿಗೆ ಇಪ್ಪತ್ತೊಂದರ ಸರಾಸರಿ ಬಿಟ್ಟು ಕೆಳಗಿಳಿಯಲಿಲ್ಲ, ಎರಡು ವರ್ಷದೊಳಗೆ ಹೆಚ್ಚುವರಿ ಬೆಲೆ ವಾಪಸು ಬಂತು. ಅಂಥ ಎಂಜಿನ್ನಿಗೆ ಈಗಲೂ ಕೈಮುಗಿಯುತ್ತೇನೆ. ಆದರೆ 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ನಿಯಂತ್ರಣ ಹೋಯಿತು, 2020ರ ಏಪ್ರಿಲ್‌ನಲ್ಲಿ ಹೊಗೆಯ ಮಿತಿಯನ್ನು ಬಿಗಿಗೊಳಿಸಿದ ಬಿಎಸ್6 ನಿಯಮ ಬಂತು, ಮಾರುತಿಯವರು ಡೀಸೆಲ್ಲನ್ನೇ ಕೈಬಿಟ್ಟರು. ಪೆಟ್ರೋಲ್ ಲೀಟರಿಗೆ 104 ರೂಪಾಯಿ, ಡೀಸೆಲ್ 91 ಎಂದು ಹಿಡಿದು, ಪೆಟ್ರೋಲ್ ಕಾರು 16 ಕಿಲೋಮೀಟರ್, ಡೀಸೆಲ್ ಕಾರು 20 ಕಿಲೋಮೀಟರ್ ಕೊಡುತ್ತದೆಂದುಕೊಂಡರೆ ಕಿಲೋಮೀಟರಿಗೆ ಉಳಿಯುವುದು ಎರಡು ರೂಪಾಯಿಗೆ ತುಸು ಕಡಿಮೆ. ಡೀಸೆಲ್ ಮಾಡೆಲ್‌ಗೆ ಒಂದೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸಾಗಲು ಎಪ್ಪತ್ತೇಳು ಸಾವಿರ ಕಿಲೋಮೀಟರ್ ಓಡಬೇಕು. ನನ್ನ ಬಾಮೈದನ ಓಟದಲ್ಲಿ ಅದು ಏಳೂವರೆ ವರ್ಷಕ್ಕೂ ಹೆಚ್ಚು.

ಹಣಕ್ಕಿಂತ ಮುಖ್ಯವಾದ ಅಡ್ಡಿ ಇನ್ನೊಂದಿದೆ. ಬಿಎಸ್6 ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವೊಂದಿರುತ್ತದೆ, ಅದನ್ನು ಡಿಪಿಎಫ್ ಎನ್ನುತ್ತಾರೆ. ಅದರಲ್ಲಿ ಕೂತ ಮಸಿ ಸುಟ್ಟುಹೋಗಬೇಕಾದರೆ ಹೊಗೆ ಸುಮಾರು ಆರುನೂರು ಡಿಗ್ರಿಯಷ್ಟು ಕಾಯಬೇಕು, ಅಷ್ಟು ಕಾಯಬೇಕಾದರೆ ಗಾಡಿ ಹದಿನೈದಿಪ್ಪತ್ತು ನಿಮಿಷ ಹೆದ್ದಾರಿಯ ವೇಗದಲ್ಲಿ ಓಡಬೇಕು. ಮನೆಯಿಂದ ಶಾಲೆಗೆ, ಶಾಲೆಯಿಂದ ಹೊಲಕ್ಕೆ ಎಂದು ಎರಡು ಮೂರು ಕಿಲೋಮೀಟರಿನ ತುಂಡು ಪ್ರಯಾಣಗಳಲ್ಲಿ ಈ ಶುದ್ಧೀಕರಣ ಅರ್ಧಕ್ಕೇ ನಿಲ್ಲುತ್ತದೆ. ಸುಡಲೆಂದು ಹೆಚ್ಚಾಗಿ ಸಿಂಪಡಿಸಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಜಾರಿ ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ. ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗಿದೆ ಎಂದು ಸಂತೋಷಪಟ್ಟವರನ್ನು ನೋಡಿದ್ದೇನೆ. ವಾರಕ್ಕೊಮ್ಮೆ ದಾವಣಗೆರೆಗೆ ಬರುವಾಗ ಅವನ ಗಾಡಿಯ ಮಸಿ ಸುಟ್ಟೀತು, ಒಂದು ವಾರ ತಪ್ಪಿದರೆ ಎಚ್ಚರಿಕೆಯ ದೀಪ ಹೊತ್ತೀತು. ಇಷ್ಟು ಕಟ್ಟುಪಾಡಿನ ಯಂತ್ರವನ್ನು ರೈತನೊಬ್ಬ ಸಾಕಬೇಕಾದ ಅಗತ್ಯವಿಲ್ಲ.

ಸಿಎನ್‌ಜಿಯನ್ನು ಅವನೇ ತಳ್ಳಿಹಾಕಿದ. ಡಿಕ್ಕಿಯಲ್ಲಿ ಸಿಲಿಂಡರ್ ಕೂತ ಮೇಲೆ ಈರುಳ್ಳಿ ಚೀಲ ಎಲ್ಲಿಡುವುದು ಎಂಬ ಒಂದೇ ಪ್ರಶ್ನೆಗೆ ಆ ಚರ್ಚೆ ಮುಗಿಯಿತು. ಊರಿನೊಳಗೇ ತಿರುಗುವ, ದಿನಕ್ಕೆ ಐವತ್ತರವತ್ತು ಕಿಲೋಮೀಟರ್ ಓಡಿಸುವ ದಾವಣಗೆರೆಯವರಿಗೆ ಅದು ಒಳ್ಳೆಯ ಆಯ್ಕೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಒತ್ತಡ ಪರೀಕ್ಷೆ ಮಾಡಿಸುವುದನ್ನು ಮಾತ್ರ ಮರೆಯಬಾರದು. ವಿದ್ಯುತ್ ಕಾರು ಕೂಡ ಸ್ವಂತ ಮನೆ, ಸ್ವಂತ ನಿಲುಗಡೆ ಇರುವ ಪಟ್ಟಣಿಗನಿಗೆ ಹೊಂದುತ್ತದೆ.

ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್ ಬೆರೆತಿರುವುದು ನನ್ನ ಪುಸ್ತಕದಲ್ಲೂ ಕಾಣಿಸುತ್ತಿದೆ. ಲೀಟರಿಗೆ ಲೀಟರ್ ಲೆಕ್ಕದಲ್ಲಿ ಎಥೆನಾಲ್‌ನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆದ್ದರಿಂದ ಮೈಲೇಜು ತುಸು ಇಳಿಯುವುದು ಸಹಜ ಗಣಿತವೇ ಹೊರತು ಬಂಕಿನವನ ಮೋಸವಲ್ಲ. 2023ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳಿದ್ದವರು ಇಂಧನದ ರಬ್ಬರ್ ಕೊಳವೆಗಳನ್ನು ವರ್ಷಕ್ಕೊಮ್ಮೆ ಮುಟ್ಟಿ ನೋಡುವುದು ಒಳ್ಳೆಯದು. ಎಥೆನಾಲ್ ತೇವವನ್ನು ಹೀರುವ ದ್ರವವಾದ್ದರಿಂದ, ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕನ್ನು ಅರ್ಧ ಖಾಲಿ ಬಿಡಬೇಡಿ.

ಇನ್ನು ಕಾರುಗಳನ್ನು ಹೋಲಿಸುವ ಬಗೆ. ಶೋರೂಮಿನವರು ಟೆಸ್ಟ್ ಡ್ರೈವ್‌ಗೆ ಕೊಡುವ ದಾರಿ ಸಾಮಾನ್ಯವಾಗಿ ಪಿ.ಬಿ. ರಸ್ತೆಯ ನುಣುಪಾದ ಎರಡು ಕಿಲೋಮೀಟರ್. ಪಕ್ಕದಲ್ಲಿ ಕೂತ ಹುಡುಗ ಎಸಿ ಪೂರ್ತಿ ಹಾಕಿ, ಹಾಡು ಜೋರು ಮಾಡಿ, ಮಾತಾಡುತ್ತಲೇ ಇರುತ್ತಾನೆ. ನಾನು ಹಾಡು ಆರಿಸಿ, ಹುಡುಗನನ್ನು ನಯವಾಗಿ ಸುಮ್ಮನಿರಿಸಿ, ಹದಡಿ ರಸ್ತೆಯಲ್ಲಿ ಸಂತೇಬೆನ್ನೂರಿನ ದಿಕ್ಕಿಗೆ ಹೊರಡುತ್ತೇನೆ. ಒಂದೇ ದಿನ, ಒಂದೇ ದಾರಿ, ಒಂದೇ ಜನ. ಬೆಳಗ್ಗೆ ಒಂದು ಕಾರು, ಬೆಣ್ಣೆದೋಸೆ ತಿಂದು ಎರಡನೆಯದು. ಮೊದಲ ಅರ್ಧ ಗಂಟೆಯಲ್ಲಿ ಎಲ್ಲ ಹೊಸ ಕಾರುಗಳೂ ಚೆನ್ನಾಗಿಯೇ ಇರುತ್ತವೆ. ನಾನು ನೋಡುವುದು ಸಣ್ಣ ಸಂಗತಿಗಳನ್ನು. ಎರಡನೇ ಗೇರಿನಲ್ಲಿ ಹಂಪು ದಾಟಿ ಮತ್ತೆ ಕಾಲೊತ್ತಿದಾಗ ಎಂಜಿನ್ ತಡವರಿಸುತ್ತದೆಯೇ? ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊಗಳಲ್ಲಿ ಹಲವು, ಕಡಿಮೆ ಸುತ್ತಿನಲ್ಲಿ ಒಂದು ಕ್ಷಣ ಯೋಚಿಸಿ ಆಮೇಲೆ ಹಾರುತ್ತವೆ. ಟರ್ಬೊ ಇಲ್ಲದ 1.2 ಲೀಟರಿನ ಎಂಜಿನ್ ಹಾರುವುದೂ ಇಲ್ಲ, ಯೋಚಿಸುವುದೂ ಇಲ್ಲ. ಹಳ್ಳಿಯ ದಾರಿಗೆ ನನಗೆ ಎರಡನೆಯ ಸ್ವಭಾವವೇ ಇಷ್ಟ. ಕ್ಲಚ್ ಪೆಡಲಿಲ್ಲದೆ ತಾನೇ ಗೇರು ಬದಲಿಸುವ ಎಎಂಟಿ ಗಾಡಿಯಾದರೆ ಏರಿನಲ್ಲಿ ನಿಲ್ಲಿಸಿ ಬ್ರೇಕ್ ಬಿಟ್ಟು ನೋಡಬೇಕು, ಹಿಂದಕ್ಕೆ ಜಾರಿದರೆ ಸಂತೆಯ ದಿನ ಹಿಂದಿನವನ ಬಂಪರಿಗೆ ತಗಲುವುದು ಖಚಿತ.

ಹೆದ್ದಾರಿಯಲ್ಲಿ ನೋಡಬೇಕಾದದ್ದು ಬೇರೆ. ದಾವಣಗೆರೆಯಿಂದ ಬೆಂಗಳೂರಿನ ಕಡೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗ ದಾಟುವಾಗ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುವುದು ಕಾಣುತ್ತದೆ. ಅಷ್ಟು ಯಂತ್ರಗಳನ್ನು ಅಲ್ಲಿ ಸುಮ್ಮನೆ ನಿಲ್ಲಿಸಿಲ್ಲ. ಆಷಾಢದ ಗಾಳಿಗೆ ಎತ್ತರದ, ಹಗುರವಾದ ಗಾಡಿ ಪಕ್ಕಕ್ಕೆ ಸರಿದದ್ದು ಸ್ಟೇರಿಂಗಿನಲ್ಲಿ ಗೊತ್ತಾಗುತ್ತದೆ. ನೂರರ ವೇಗದಲ್ಲಿ ಲಾರಿಯೊಂದನ್ನು ದಾಟಿ ಅದರ ಮರೆಯಿಂದ ಹೊರಬಂದ ಕ್ಷಣ ಕಾರು ಎಷ್ಟು ಅಲುಗುತ್ತದೆ ಎಂಬುದೇ ನನ್ನ ಪರೀಕ್ಷೆ. ಇಲ್ಲಿ ತಗ್ಗಿನ ಹ್ಯಾಚ್‌ಬ್ಯಾಕ್ ಗೆಲ್ಲುತ್ತದೆ.

ಸುರಕ್ಷತೆಯ ನಕ್ಷತ್ರಗಳನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. 2014ರ ಜನವರಿಯಲ್ಲಿ ಕಾರುಗಳಿಗೆ ಡಿಕ್ಕಿ ಹೊಡೆಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಮೊದಲ ಬಾರಿಗೆ ನಮ್ಮ ದೇಶದ ಐದು ಜನಪ್ರಿಯ ಸಣ್ಣ ಕಾರುಗಳ ಫಲಿತಾಂಶ ಪ್ರಕಟಿಸಿದಾಗ ಏರ್‌ಬ್ಯಾಗ್ ಇಲ್ಲದ ಮಾಡೆಲ್‌ಗಳಲ್ಲಿ ವಯಸ್ಕರ ರಕ್ಷಣೆಗೆ ಒಂದಕ್ಕೂ ಒಂದು ನಕ್ಷತ್ರವೂ ಸಿಕ್ಕಿರಲಿಲ್ಲ. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆದ ಮೇಲೆ ಗಾಳಿ ಬದಲಾಯಿತು, 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ಜಾರಿಗೆ ಬಂತು. ಆದರೆ ಮುಂಭಾಗದ ಡಿಕ್ಕಿಯ ಪರೀಕ್ಷೆ ನಡೆಯುವುದು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ. ನೂರರ ವೇಗದಲ್ಲಿರುವ ಗಾಡಿಯ ಹೊಡೆತದ ಶಕ್ತಿ ಅದರ ಸುಮಾರು ಎರಡೂವರೆ ಪಟ್ಟು. ಐದು ನಕ್ಷತ್ರದ ಕಾರಿನಲ್ಲಿ ಹಿಂದಿನ ಸೀಟಿನವರು ಬೆಲ್ಟ್ ಹಾಕದೆ, ಮಗುವನ್ನು ಮುಂದೆ ಮಡಿಲಲ್ಲಿ ಕೂರಿಸಿಕೊಂಡು ಹೋಗುವುದನ್ನು ಹೆಬ್ಬಾಳು ಟೋಲಿನ ಸಾಲಿನಲ್ಲಿ ಎಣಿಸುತ್ತಾ ನಿಲ್ಲಬಹುದು. ರಾತ್ರಿ ಹೊತ್ತು ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳ ನಮ್ಮ ರಸ್ತೆಗೆ ಹೆಡ್‌ಲೈಟಿನ ಗುಣಮಟ್ಟವೂ ಸುರಕ್ಷತೆಯೇ. ಹಗಲಿನ ಟೆಸ್ಟ್ ಡ್ರೈವಿನಲ್ಲಿ ಅದು ತಿಳಿಯುವುದಿಲ್ಲ, ಆದ್ದರಿಂದ ಸಂಜೆ ಏಳರ ಮೇಲೆ ಇನ್ನೊಮ್ಮೆ ಗಾಡಿ ಕೇಳಿ.

ನಿರ್ವಹಣೆಯ ಬಗ್ಗೆ ಬರೆಯಲು ಹೊರಟರೆ ನನ್ನದೇ ದಡ್ಡತನದಿಂದ ಆರಂಭಿಸಬೇಕಾಗುತ್ತದೆ. ಮೊದಲ ಕಾರಿನ ರೇಡಿಯೇಟರಿಗೆ ಕೂಲಂಟ್ ಹಾಕಿಸುವುದು ದುಂದು ಎಂದು ತಿಳಿದು ಮೂರು ವರ್ಷ ಮನೆಯ ಕೊಳವೆಬಾವಿಯ ನೀರನ್ನೇ ತುಂಬಿಸಿದ್ದೆ. ನಮ್ಮ ಭಾಗದ ಕೊಳವೆಬಾವಿಯ ನೀರು ಎಷ್ಟು ಗಡಸು ಎಂಬುದನ್ನು ಸ್ನಾನದ ಹಂಡೆಯ ತಳವೇ ಹೇಳುತ್ತಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. 2007ರ ಮೇ ತಿಂಗಳಿನ ಒಂದು ಮಧ್ಯಾಹ್ನ ಹಿರಿಯೂರಿನ ಹತ್ತಿರ ಉಷ್ಣತೆಯ ಮುಳ್ಳು ಮೇಲೇರಿತು, ಬಾನೆಟ್ಟಿನಿಂದ ಹಬೆ ಬಂತು. ಮೆಕ್ಯಾನಿಕ್ ಬಿಚ್ಚಿ ತೋರಿಸಿದಾಗ ನೀರು ಹರಿಯುವ ದಾರಿಗಳಲ್ಲೆಲ್ಲ ಸುಣ್ಣ ಬಳಿದಂತೆ ಬಿಳಿಯ ಪದರ. ಗ್ಯಾಸ್ಕೆಟ್ ಸುಟ್ಟಿತ್ತು, ಎಂಜಿನ್ನಿನ ಮೇಲ್ಭಾಗವನ್ನು ಮುಚ್ಚುವ ಹೆಡ್ ಬಾಗಿತ್ತು. ಆ ಹೆಡ್ಡನ್ನು ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ವಯಸ್ಸಾದ ಟರ್ನರ್ ಒಬ್ಬರು ಮಟ್ಟ ಮಾಡಿಕೊಟ್ಟರು. ಲೇಥ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಊರು ಅದು. ಕಾರ್ಖಾನೆ ಮುಚ್ಚಿದರೂ ಕೈಗಳಲ್ಲಿ ಕಸುಬು ಉಳಿದಿತ್ತು. ಆ ದಿನದಿಂದ ಕೂಲಂಟನ್ನು ಕಂಪನಿ ಹೇಳಿದ ಬಗೆಯದ್ದನ್ನೇ, ಶುದ್ಧೀಕರಿಸಿದ ನೀರು ಬೆರೆತದ್ದನ್ನೇ ಹಾಕಿಸುತ್ತೇನೆ.

ನಮ್ಮ ಕಡೆಯ ರಸ್ತೆಗೇ ವಿಶಿಷ್ಟವಾದ ಅಪಾಯವೊಂದಿದೆ, ಯಾವ ಕಂಪನಿಯ ಪುಸ್ತಕದಲ್ಲೂ ಅದರ ಪ್ರಸ್ತಾಪ ನನಗೆ ಸಿಕ್ಕಿಲ್ಲ. ಸುಗ್ಗಿಯ ದಿನಗಳಲ್ಲಿ ಹಳ್ಳಿಯ ಡಾಂಬರು ರಸ್ತೆಗಳೇ ಕಣಗಳಾಗುತ್ತವೆ. ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡಿ ಓಡಾಡುವ ವಾಹನಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಲಾರಿ, ಬಸ್ಸಿಗೆ ತೊಂದರೆಯಾಗದಿರಬಹುದು. ನೆಲಕ್ಕೆ ಹತ್ತಿರವಿರುವ ಕಾರಿಗೆ ಹಾಗಲ್ಲ. ಹುರುಳಿಯ ಬಳ್ಳಿ ಹಗ್ಗದಂತೆ ಮುಂಚಕ್ರದ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಸುತ್ತುತ್ತಾ ದಪ್ಪವಾಗುತ್ತದೆ, ಕಾದ ಸೈಲೆನ್ಸರ್ ಕೊಳವೆಗೆ ತಗಲಿದರೆ ಹೊತ್ತಿಕೊಳ್ಳುತ್ತದೆ. ಹೀಗೆ ಕಾರುಗಳು ಸುಟ್ಟುಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಬೇರೆ ದಾರಿಯಿಲ್ಲದೆ ಮೇಲೆ ಹಾಯಿಸಲೇಬೇಕಾದರೆ ನಿಧಾನವಾಗಿ ದಾಟಿ, ನೂರು ಮೀಟರ್ ಮುಂದೆ ನಿಲ್ಲಿಸಿ, ಬಗ್ಗಿ ನೋಡಿ, ಸುತ್ತಿದ್ದನ್ನು ಕಿತ್ತು ಹಾಕಿಯೇ ಮುಂದೆ ಹೋಗಬೇಕು. ಹುಲ್ಲಿನ ರಾಶಿಯ ಮೇಲೆ ಗಾಡಿ ನಿಲ್ಲಿಸುವುದಂತೂ ಬೇಡವೇ ಬೇಡ. ನನ್ನ ಬಾಮೈದ ಸ್ವತಃ ರಸ್ತೆಯಲ್ಲಿ ಒಕ್ಕಣೆ ಮಾಡುವವನಾದ್ದರಿಂದ ಈ ಮಾತಿಗೆ ಸ್ವಲ್ಪ ಹೊತ್ತು ಮೌನವಾಗಿದ್ದ.

ಧೂಳಿನದು ನಿತ್ಯದ ಕಾಟ. ಏರ್ ಫಿಲ್ಟರನ್ನು ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ಬಿಚ್ಚಿ ನೋಡುವುದನ್ನು ರೂಢಿಸಿಕೊಳ್ಳಬೇಕು. ಇಲಿಗಳದ್ದು ಮತ್ತೊಂದು. ಮೆಕ್ಕೆಜೋಳ ತುಂಬಿದ ಗೋದಾಮಿನ ಪಕ್ಕ ನಿಲ್ಲಿಸಿದ ಗಾಡಿಯ ಬಾನೆಟ್ಟಿನೊಳಗೆ ಅವು ಸಂಸಾರ ಹೂಡಿ ವೈರುಗಳನ್ನು ಕಡಿಯುತ್ತವೆ. ಹೊಗೆಸೊಪ್ಪು ಕಟ್ಟಿದರೆ ಬರುವುದಿಲ್ಲವೆಂದು ಹೇಳುವವರಿದ್ದಾರೆ. ನಾನು ಕಟ್ಟಿದ ಹೊಗೆಸೊಪ್ಪಿನ ಪಕ್ಕದಲ್ಲೇ ಅವು ವೈರು ಕಡಿದಿದ್ದವು. ಟೈರಿನ ಗಾಳಿಯನ್ನು ಬೆಳಗ್ಗೆ ಚಕ್ರ ತಣ್ಣಗಿದ್ದಾಗ, ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಚೀಟಿಯ ಪ್ರಕಾರ ಹಿಡಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಇಲ್ಲದಿದ್ದರೆ ಚಾರ್ಮಾಡಿ ಘಾಟಿ ಇಳಿಯುವಾಗ ಕಾದು ಕುದಿದು ಪೆಡಲ್ ಮೆತ್ತಗಾಗುವುದನ್ನು ನೋಡಬೇಕಾಗುತ್ತದೆ.

ಇವೆಲ್ಲ ಮಾಡಲೇಬೇಕಾದ ಕೆಲಸಗಳು. ಸರ್ವಿಸ್ ಸೆಂಟರಿನ ಬಿಲ್ಲಿನಲ್ಲಿ ಇವುಗಳ ಜೊತೆಗೆ ಕೂರುವ ಬೇರೆ ಕೆಲಸಗಳೂ ಇವೆ. ನನ್ನ ಈಗಿನ ಪೆಟ್ರೋಲ್ ಕಾರನ್ನು ಹತ್ತು ಸಾವಿರ ಕಿಲೋಮೀಟರಿಗೆ ಒಯ್ದಾಗ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿಯ ಸೋಂಕುನಿವಾರಣೆ ಎಂದು ಮೂರೂವರೆ ಸಾವಿರದ ಸೇವೆಗಳನ್ನು ಕೇಳದೆಯೇ ಸೇರಿಸಿದ್ದರು. ಡ್ಯಾಷ್‌ಬೋರ್ಡಿನ ಡಬ್ಬಿಯಿಂದ ಕಂಪನಿಯದೇ ಕೈಪಿಡಿ ತೆಗೆದು, ಇವು ಯಾವ ಪುಟದಲ್ಲಿವೆ ಎಂದು ಕೇಳಿದಾಗ ಮಾತಿಲ್ಲದೆ ಬಿಲ್ಲು ಬದಲಾಯಿತು. ಆ ಕೈಪಿಡಿಯ ಪ್ಲಾಸ್ಟಿಕ್ ಹೊದಿಕೆಯನ್ನೇ ಹರಿಯದ ಎಷ್ಟೋ ಮಾಲೀಕರಿದ್ದಾರೆ. ವಾರಂಟಿ ಮುಗಿಯುವ ತನಕ ಕಂಪನಿಯ ಸರ್ವಿಸ್, ಆಮೇಲೆ ನಂಬಿಕಸ್ಥ ಗ್ಯಾರೇಜು ಎಂಬುದು ನನ್ನ ಪದ್ಧತಿ.

ಹಳೆಯ ಗಾಡಿ ಕೊಳ್ಳುವವರಿಗೂ ಒಂದೆರಡು ಮಾತು. ದಾವಣಗೆರೆಯ ಕೆಎ-17 ಅಥವಾ ಚಿತ್ರದುರ್ಗದ ಕೆಎ-16 ನೋಂದಣಿಯ ಗಾಡಿಯಾದರೆ ಅದರ ಹಿಂದಿನ ಯಜಮಾನನನ್ನು ಯಾರಾದರೂ ಬಲ್ಲವರಿರುತ್ತಾರೆ. ಹೊರಗಿನಿಂದ ಬಂದದ್ದಾದರೆ ಗಾಡಿಯೇ ಮಾತಾಡಬೇಕು. ಮೀಟರಿನಲ್ಲಿ ನಲವತ್ತು ಸಾವಿರ ಇದ್ದು ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದ್ದರೆ ಪೆಡಲನ್ನು ನಂಬಿ. ಟೈರಿನ ಮೇಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ: 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರ. ಬಾನೆಟ್ಟಿನ ಕೀಲುಗಳ ಬೋಲ್ಟಿನ ಬಣ್ಣ ಪಾನಾ ತಗಲಿ ಎದ್ದಿದ್ದರೆ ಮುಂಭಾಗ ಬಿಚ್ಚಿ ಕೂರಿಸಿದ್ದಾರೆ. ಬೆಳಗಿನ ಜಾವ, ಎಂಜಿನ್ ತಣ್ಣಗಿರುವಾಗ, ಹೇಳದೆ ಹೋಗಿ ಸ್ಟಾರ್ಟ್ ಮಾಡಿಸಬೇಕು. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ ಕಂಡರೆ ತಕ್ಷಣ ಎದ್ದು ಬರದಿದ್ದರೂ, ನೀರು ಬೆರೆತಿಲ್ಲವೆಂದು ಖಚಿತವಾಗುವ ತನಕ ಮುಂಗಡ ಕೊಡಬಾರದು. ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚುವುದು ವಿಮೆಯ ಪತ್ರವನ್ನು. ಕ್ಲೇಮು ಮಾಡದ ಮಾಲೀಕನಿಗೆ ಮೊದಲ ವರ್ಷ ಶೇ 20, ಆಮೇಲೆ 25, 35, 45, ಕೊನೆಗೆ 50ರ ತನಕ ರಿಯಾಯಿತಿ ಏರುತ್ತದೆ. ಒಬ್ಬನೇ ಮಾಲೀಕನ ಆರು ವರ್ಷದ ಗಾಡಿಗೆ ಈ ರಿಯಾಯಿತಿ ಸೊನ್ನೆ ಎಂದಿದ್ದರೆ, ಗೀರೂ ಬಿದ್ದಿಲ್ಲ ಎಂಬ ದಲ್ಲಾಳಿಯ ಆಣೆಗೆ ಬೆಲೆಯಿಲ್ಲ. ಮಾರುವವರಿಗೂ ಒಂದು ಎಚ್ಚರಿಕೆ: ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ ಕೈತೊಳೆದುಕೊಂಡರೆ ಸಾಲದು, ಆರ್‌ಸಿ ಇನ್ನೊಬ್ಬರ ಹೆಸರಿಗೆ ಬದಲಾಗುವ ತನಕ ಬೆನ್ನು ಹತ್ತಬೇಕು. ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಅಪಘಾತದ ಪರಿಹಾರಕ್ಕೆ ಅವನೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಅಂತೂ ಬಾಮೈದ ಹೆಂಡತಿ ಮಕ್ಕಳೊಂದಿಗೆ ಬಂದು ಎರಡು ಸಲ ಗಾಡಿ ಓಡಿಸಿ, ನನ್ನ ಮಾತಿನಂತೆ ಸಿಎನ್‌ಜಿ ಇಲ್ಲದ, 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕಿನ ನಡುವಿನ ಮಾಡೆಲ್‌ಗೆ ಮುಂಗಡ ಕಟ್ಟಿದ. ನಾನು ಅವನಿಗೊಂದು ಉದ್ದನೆಯ ಪುಸ್ತಕವನ್ನೂ ಕೊಂಡು ಕೊಟ್ಟೆ. ಹತ್ತು ದಿನದ ಮೇಲೆ ಫೋನ್ ಬಂತು. ಊರಿನಲ್ಲಿ ಅಂಥದೇ ಕಾರಿರುವ ಪರಿಚಯದವರೊಬ್ಬರು ನಮ್ಮ ಅತ್ತೆಯವರನ್ನು ಬಿಳಿಚೋಡಿನ ತನಕ ಕರೆದುಕೊಂಡು ಹೋಗಿದ್ದರಂತೆ. ಮೊಣಕಾಲು ನೋವಿನ ಅತ್ತೆ ಆ ತಗ್ಗಿನ ಸೀಟಿನಿಂದ ಏಳಲಾರದೆ, ಇಬ್ಬರು ಹಿಡಿದೆಬ್ಬಿಸಬೇಕಾಯಿತಂತೆ. ಏಳು ಸೀಟಿನದಕ್ಕೆ ಹತ್ತಲಾರರು, ಇದರಿಂದ ಇಳಿಯಲಾರರು. ನಡುವೆ ಉಳಿದದ್ದು ನಾನು ಗಾಳಿಗೆ ಅಲುಗುತ್ತದೆಂದು ಬೇಡವೆಂದಿದ್ದ ಕಾಂಪ್ಯಾಕ್ಟ್ ಎಸ್‌ಯುವಿ. "ಭಾವ, ಬುಕಿಂಗ್ ಕ್ಯಾನ್ಸಲ್ ಮಾಡಿದ್ರೆ ಎಷ್ಟು ಹಿಡ್ಕೊಂತಾರೆ?" ಎಂದು ಕೇಳಿದ. ಇಪ್ಪತ್ತು ವರ್ಷಗಳಿಗೂ ಮೀರಿದ ನನ್ನ ಪುಸ್ತಕಗಳಲ್ಲಿ ಸೀಟಿನ ಎತ್ತರಕ್ಕೆ ಒಂದು ಕಾಲಂ ಇರಲಿಲ್ಲ. ಅಳತೆಯ ಟೇಪು ಹಿಡಿದು ನಾಳೆ ಮತ್ತೆ ಶೋರೂಮಿಗೆ ಹೋಗುತ್ತಿದ್ದೇವೆ, ಈ ಸಲ ಅತ್ತೆಯವರೂ ಬರುತ್ತಿದ್ದಾರೆ.